ಕಣ್ಣು ಕಟ್ಟಿದಾಗ ಕೇಳಿಸಿದ್ದು

ಆಗೆಲ್ಲ ಸುಗ್ಗಿ ಬಂತೆಂದರೆ ನಮ್ಮ ಚಚಡಿ ಊರಿಗೆ ಊರೇ ಜೋಳದ ಹೊಟ್ಟಿನ ಧೂಳಿನಲ್ಲಿ ಮಸುಕಾಗುತ್ತಿತ್ತು. ನನಗೆ ಎಂಟು ವರ್ಷ. ಕಣದಲ್ಲಿ ರಾಶಿ ತೂರುವಾಗ ಗಾಳಿಗೆ ಎದುರಾಗಿ ನಿಂತಿದ್ದೆ. ಹೊಟ್ಟು ಕಣ್ಣಿಗೆ ಬಿತ್ತು. ಗಸಗಸ ಉಜ್ಜಿಕೊಂಡೆ. ಸವದತ್ತಿಯ ಡಾಕ್ಟರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ಹತ್ತು ದಿನ ಬಿಚ್ಚಬಾರದೆಂದು ಹೇಳಿ ಕಳಿಸಿದರು.

ಎರಡು ದಿನ ಅತ್ತೆ. ಮೂರನೆಯ ದಿನ ಪಕ್ಕದ ಮನೆಯ ಅಮೀನಾ ಚಾಚಿ, ಹೊಲಿಯುತ್ತಿದ್ದ ಕೌದಿಯನ್ನು ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತಳು. ಹಳೆಯ ಸೀರೆಗಳ, ಎಲೆಅಡಿಕೆಯ ವಾಸನೆ. ಎರಡು ಲೋಟಕ್ಕೆ ನೀರು ಸುರಿದು, ಮುಟ್ಟದೆ, ಯಾವುದು ಬಿಸಿ ಹೇಳು ಅಂದಳು. ನನಗೆ ನಗು ಬಂತು. ಮತ್ತೊಮ್ಮೆ ಸುರಿದಾಗ ತಿಳಿಯಿತು: ತಣ್ಣೀರಿನ ಸದ್ದು ಚುರುಕು, ಬಿಸಿನೀರಿನದು ಮೆತ್ತಗೆ.

"ನಿನ್ನ ಕಿವಿ ಭಾಳ ಶಾಣ್ಯಾ ಅದಾವವಾ. ನೀನ ಅವಕ್ಕ ಕೆಲಸಾ ಕೊಟ್ಟಿದ್ದಿಲ್ಲ," ಅಂದಳು.

ಅಂದಿನಿಂದ ಅದೇ ಆಟ. ಕೊಡ ತುಂಬುತ್ತ ಬಂದಂತೆ ಅದರ ದನಿ ಏರುವುದು, ರೊಟ್ಟಿ ಬಡಿಯುತ್ತಿರುವವಳು ಅವ್ವನೋ ಅಜ್ಜಿಯೋ ಎಂಬುದು, ದಪ್ಪ ಬಟ್ಟೆಯೊಳಗೆ ಚಾಚಿಯ ದಾರ ಸರಿಯುವುದು. ಬಿಸಿಲು ಕಟ್ಟೆಗೆ ಏರಿ ಪಾದ ಬೆಚ್ಚಗಾಗುವ ಹೊತ್ತಿಗೆ ಇಡೀ ಓಣಿ ನನ್ನೊಳಗೇ ನಡೆದಾಡುತ್ತಿದೆ ಅನಿಸುತ್ತಿತ್ತು. ನಿದ್ದೆಯೋ ಎಚ್ಚರವೋ ತಿಳಿಯುತ್ತಿರಲಿಲ್ಲ.

ಏಳನೆಯ ದಿನ ನಮ್ಮ ಅಂಗಳದ ಹಗೇವು, ಅಂದರೆ ಕಾಳು ಕೂಡಿಡುವ ನೆಲದಡಿಯ ಗುಂಡಿ, ಬಾಯಿ ತೆರೆದಿತ್ತು. ಹೊಸ ಜೋಳ ತುಂಬುವ ಮೊದಲು ಒಳಗಿನ ಕೆಟ್ಟ ಗಾಳಿ ಹೋಗಲೆಂದು ಹಿಂದಿನ ದಿನವೇ ತೆರೆದು, ಮೇಲೊಂದು ಚಾಪೆ ಹಾಸಿದ್ದರು. ಓಣಿಯಲ್ಲಿ ರಾಶಿಯ ಮಷಿನ್ನು ಭೋರ್ಗರೆಯುತ್ತಿತ್ತು. ಎರಡು ವರ್ಷದ ತಮ್ಮ ಈರಣ್ಣನ ಗೆಜ್ಜೆ ನನ್ನ ಕಡೆಗೆ ಬರುತ್ತ ಬರುತ್ತ ತಟ್ಟನೆ ನಿಂತಿತು. ಆಮೇಲೆ ಮಷಿನ್ನಿನ ಸದ್ದಿನ ಕೆಳಗೆಲ್ಲೋ ತೆಳ್ಳಗಿನ ಒಂದು ಅಳು.

ತಮ್ಮ ಹಗೇವಿನೊಳಗೆ ಬಿದ್ದನೆಂದು ಕೂಗಿದೆ. ಅವ್ವ ಒಳಗಿನಿಂದಲೇ, ಈಗಷ್ಟೇ ತೊಟ್ಟಿಲಿಗೆ ಹಾಕಿದ್ದೇನೆ, ಸುಮ್ಮನಿರು ಅಂದಳು. ಅಂಗಳಕ್ಕೆ ಬೆನ್ನು ಮಾಡಿ ಕುಳಿತಿದ್ದ ಚಾಚಿಯ ಸೂಜಿ ನಿಂತಿತು. ಅವಳು ಎದ್ದು ಹಗೇವಿಗೆ ಬಗ್ಗಿ ನೋಡಿದಳಂತೆ, ಒಳಗೆ ಬರೀ ಕತ್ತಲೆ; ನೇರ ಓಣಿಗೆ ಹೋದಳು.

"ಮಷಿನ್ ಬಂದ್ ಮಾಡ್ರಿ. ನನಗೇನೂ ಕೇಳಸವಲ್ದು, ಆದ್ರ ಈ ಹುಡುಗಿಗೆ ಕೇಳಸೇತಿ."

ಮಷಿನ್ನು ನಿಂತಿತು. ಆಗ ಆ ಅಳು ಎಲ್ಲರಿಗೂ ಕೇಳಿಸಿತು. ಅಪ್ಪ ಹಗ್ಗ ಹಿಡಿದು ಇಳಿದ. ತಳದಲ್ಲಿ ಹಾಸಿದ್ದ ಹುಲ್ಲಿನ ಮೇಲೆ, ಹಣೆ ತರಚಿಕೊಂಡು, ಈರಣ್ಣ ಕುಳಿತಿದ್ದನಂತೆ. ಅವ್ವ ನನ್ನನ್ನೂ ಅವನನ್ನೂ ಒಟ್ಟಿಗೆ ತಬ್ಬಿಕೊಂಡಳು. ಅವಳು ನಡುಗುತ್ತಿದ್ದುದು ಬಳೆಗಳಿಂದ ತಿಳಿಯಿತು.

ಈಗ ನಾನು ಬೈಲಹೊಂಗಲದಲ್ಲಿ, ಬಸ್ಸುಗಳು ಓಡಾಡುವ ರಸ್ತೆಯ ಪಕ್ಕದಲ್ಲಿದ್ದೇನೆ. ಕಣ್ಣು ಚೆನ್ನಾಗಿವೆ. ಚಾಚಿ ತೀರಿಕೊಂಡು ಆರು ವರ್ಷವಾಯಿತು. ಈರಣ್ಣನ ಮದುವೆಯ ಫೋಟೋದಲ್ಲಿ ಅವಳ ಮುಖವಿದೆ, ಸೀರೆಯ ಬಣ್ಣವೂ ಇದೆ. ಆದರೆ ಆ ಹತ್ತು ದಿನ ನನ್ನ ಪಾಲಿಗೆ ಅವಳೆಂದರೆ ಬರೀ ದನಿ. ಅದನ್ನು ನೆನೆಯಲು ಕುಳಿತರೆ ಮಾತುಗಳೆಲ್ಲ ಒಂದೂ ಬಿಡದೆ ಬರುತ್ತವೆ. ಬರುವುದು ಮಾತ್ರ ನನ್ನದೇ ದನಿಯಲ್ಲಿ.