ಮೂರನೆಯ ಟೋಪಿ

ಗುಣಪಾಲ ಪೂಜಾರಿಯಷ್ಟು ಪುಕ್ಕಲು ಬಾಡಿಗೆದಾರನನ್ನು ನಾನು ದುಬೈಯಲ್ಲಿ ಬೇರೆ ಕಂಡಿಲ್ಲ. ಇದನ್ನು ಬೆನ್ನ ಹಿಂದೆ ಹೇಳುತ್ತಿಲ್ಲ. ಅವನ ಎದುರೇ ನೂರು ಸಲ ಹೇಳಿದ್ದೇನೆ, ಅವನ ಹೆಂಡತಿ ಜಲಜಾಕ್ಷಿ ಬಡಿಸಿದ ಬಂಗುಡೆ ಫ್ರೈ ತಿನ್ನುತ್ತಲೇ ಹೇಳಿದ್ದೇನೆ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಅಲ್ಯೂಮಿನಿಯಂ ಕಾರ್ಖಾನೆಯೊಂದರಲ್ಲಿ ಅವನು ಸ್ಟೋರ್ ಕೀಪರ್. ಹತ್ತಿರದ ಕಟ್ಟಡದ ಏಳನೇ ಮಹಡಿಯಲ್ಲಿ ಅವನ ಮನೆ, ಆರನೇ ಮಹಡಿಯಲ್ಲಿ ನನ್ನದು. ಅವನ ಊರು ಕಟಪಾಡಿ, ನನ್ನದು ಶಿರ್ವ.

ಕಟ್ಟಡದ ಮಾಲಕರ ಸಂಘದ್ದೊಂದು ನಿಯಮಗಳ ಪುಸ್ತಕ ಉಂಟು, ನಲವತ್ತೆರಡು ಪುಟ. ಮನೆಗೆ ಬರುವ ಮೊದಲು ಬಾಡಿಗೆದಾರರೆಲ್ಲ ಅದಕ್ಕೆ ಸಹಿ ಹಾಕಬೇಕು. ನಾನು ಕೊನೆಯ ಪುಟವನ್ನಷ್ಟೇ ನೋಡಿದೆ, ಸಹಿಯ ಜಾಗ ಅಲ್ಲಿತ್ತು. ಗುಣಪಾಲ ಪೂರ್ತಿ ಓದಿ ಹಳದಿ ಪೆನ್ನಿನಲ್ಲಿ ಗೆರೆ ಎಳೆದ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬಾರದು. ಬಾಗಿಲ ಹೊರಗೆ ಚಪ್ಪಲಿ ಇಡಬಾರದು. ಚಾವಣಿಯಲ್ಲಿರುವ ಹೊಗೆ ಪತ್ತೆ ಮಾಡುವ ಯಂತ್ರವನ್ನು ಮುಟ್ಟಬಾರದು, ಮುಚ್ಚಬಾರದು. ತಪ್ಪು ಬಾಡಿಗೆದಾರನದ್ದಾದರೂ ನೋಟಿಸು ಮನೆಯ ಮಾಲಕರಿಗೆ ಹೋಗುತ್ತದೆ. ಇವನ ಮನೆಯ ಮಾಲಕಿ ಝುಲೈಖ ಅಬುಧಾಬಿಯ ಖಾಲಿದಿಯಾದಲ್ಲಿದ್ದಾರೆ. ಚಪ್ಪಲಿಗೊಂದು, ಬಟ್ಟೆಗೊಂದು ಎಂದು ಎರಡು ನೋಟಿಸು ಹೋದ ಮೇಲೆ ಅವರು ಫೋನ್ ಮಾಡಿ ಮೆಲ್ಲಗೆ ಹೇಳಿದ್ದರಂತೆ, ಮೂರನೆಯದು ಬಂದರೆ ಮನೆ ಬಿಡಬೇಕಾಗುತ್ತದೆ ಎಂದು. ಆ ಮೆಲುದನಿಯೇ ಅವನನ್ನು ಹೆಚ್ಚು ಹೆದರಿಸಿತು.

ನಾನು ನಗುತ್ತಿದ್ದೆ. ನಗಬಾರದಿತ್ತು. ಹಿಂದೆ ಗುಣಪಾಲನ ಮನೆಯವರು ಹಳೆ ದುಬೈಯ ನೈಫ್‌ನಲ್ಲಿ ಪ್ಲೈವುಡ್ಡಿನಿಂದ ಅಡ್ಡ ಕಟ್ಟಿದ ಒಂದು ಕೋಣೆಯಲ್ಲಿದ್ದರು. ಹಾಗೆ ಅಡ್ಡ ಕಟ್ಟುವುದು ನಿಯಮಕ್ಕೆ ವಿರುದ್ಧ. ಒಂದು ಬೆಳಿಗ್ಗೆ ತಪಾಸಣೆಯವರು ಬಂದರು, ಸಂಜೆಯೊಳಗೆ ಖಾಲಿ ಮಾಡಿ ಎಂದರು. ಮಗಳು ಅಶ್ಮಿತಾಗೆ ಆಗ ನಾಲ್ಕು ವರ್ಷ. ಮಗು ಮೆಟ್ಟಿಲಲ್ಲಿ ಅಕ್ಕಿ ಚೀಲದ ಮೇಲೆ ಕೂತು, ಈಗ ಎಲ್ಲಿ ಮಲಗುವುದು ಎಂದು ಕೇಳಿತಂತೆ. ಆ ದಿನದ ನಂತರ ಬಾಗಿಲ ಕರೆಗಂಟೆ ಕೇಳಿದರೆ ಅವನ ಮುಖ ಬಿಳಿಚುತ್ತದೆ.

ಇಷ್ಟು ಹೆದರುವ ಮನುಷ್ಯ ಬೇಕೆಂದೇ ನಿಯಮ ಮುರಿದದ್ದು ದೇವರ ಕಾರ್ಯಕ್ಕೆ, ಈ ಮನೆಗೆ ಬಂದ ಹೊಸದರಲ್ಲಿ. ಗಣಹೋಮ ಮಾಡದೆ ಈ ಮನೆಯಲ್ಲಿ ಹಾಲು ಉಕ್ಕಿಸುವುದಿಲ್ಲ ಎಂದು ಜಲಜಾಕ್ಷಿ ಹಟ ಹಿಡಿದಳು. ಕಾರ್ಗೋ ಆಫೀಸಿನಲ್ಲಿ ಗುಮಾಸ್ತರಾಗಿರುವ ಭಟ್ಟರು ರಜೆಯ ದಿನ ಬಂದು ಮಾಡಿಕೊಡಲು ಒಪ್ಪಿದರು. ಆದರೆ ಹೊಗೆ? ಯಂತ್ರ ಕಿರುಚಿದರೆ ಇಡೀ ಕಟ್ಟಡ ಕೆಳಗಿಳಿಯುತ್ತದೆ. ಆಗ ಉಪಾಯ ಹೇಳಿದವನು ನಾನೇ, ಆಸ್ವಾಲ್ಡ್ ಡಿಸೋಜ, ಹೋಟೆಲಿನ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಸ್ನಾನಕ್ಕೆ ಹೋಗುವಾಗ ತಲೆಗೆ ಹಾಕುವ ಪ್ಲಾಸ್ಟಿಕ್ ಟೋಪಿ ಮೂರು ತಂದು ಮೂರೂ ಯಂತ್ರಕ್ಕೆ ತೊಡಿಸಿದೆ. ಹೋಮ ಚೆನ್ನಾಗಿ ಆಯಿತು, ಪಂಚಕಜ್ಜಾಯವೂ ಚೆನ್ನಾಗಿತ್ತು.

ಮರುದಿನ ಮಲಗುವ ಕೋಣೆಗಳ ಎರಡು ಟೋಪಿ ತೆಗೆದೆವು. ಅಡುಗೆಮನೆಯ ಎದುರಿನ ಪ್ಯಾಸೇಜಿನ ಮೂರನೆಯದನ್ನು ಜಲಜಾಕ್ಷಿ ತೆಗೆಯಲು ಬಿಡಲಿಲ್ಲ. "ಮೀನು ಹುರಿದರೆ ಅದು ಬೊಬ್ಬೆ ಹೊಡೀತದೆ. ಸೆಕ್ಯೂರಿಟಿಯವ ಮೇಲೆ ಬಂದ್ರೆ ಏನು ಹೇಳುದು?" ಎಂದಳು. ಇರಲಿ ಬಿಡಿ ಎಂದೆ ನಾನು. ಗುಣಪಾಲ ದಿನಾ ಅದನ್ನು ನೋಡುತ್ತಿದ್ದ, ದಿನಾ ಹೆದರುತ್ತಿದ್ದ. ತೆಗೆದರೆ ಮೀನಿನ ಭಯ, ಬಿಟ್ಟರೆ ನೋಟಿಸಿನ ಭಯ. ಹಾಗೆ ಎರಡು ವರ್ಷ ಹೋಯಿತು.

ಕಳೆದ ಮಾರ್ಚಿನ ಒಂದು ಭಾನುವಾರ, ಸಂಜೆ ನಾಲ್ಕು ಗಂಟೆ. ಜಲಜಾಕ್ಷಿ ಸಾಮಾನು ತರಲು ಬರ್ ದುಬೈಗೆ ಹೋಗಿದ್ದಳು. ಈಗ ಹನ್ನೊಂದು ವರ್ಷದ ಅಶ್ಮಿತಾ ಕಿವಿಗೆ ಹೆಡ್‌ಫೋನ್ ಹಾಕಿ ಪ್ಯಾಸೇಜಿನ ಕೊನೆಯ ಕೋಣೆಯಲ್ಲಿ ಓದುತ್ತಿದ್ದಳು. ಚಹಾದ ಜೊತೆ ಹಲಸಿನ ಹಪ್ಪಳ ಆಗಬಹುದು ಎಂದು ಗುಣಪಾಲ ಬಾಣಲೆಯಲ್ಲಿ ಎಣ್ಣೆ ಕಾಯಲು ಇಟ್ಟ. ಅಷ್ಟರಲ್ಲಿ ಬಾಲ್ಕನಿಯಲ್ಲಿ ಬೆಳಿಗ್ಗೆ ಗಡಿಬಿಡಿಯಲ್ಲಿ ತಾನೇ ಒಣಹಾಕಿ ಮರೆತ ಟವಲು ನೆನಪಾಯಿತು. ಬಗ್ಗಿ ನೋಡಿದರೆ ಕೆಳಗೆ ಸೆಕ್ಯೂರಿಟಿಯ ಶಾನ್ ಮೊಬೈಲು ಎತ್ತಿ ಮಹಡಿ ಮಹಡಿಯ ಫೋಟೊ ತೆಗೆಯುತ್ತಿದ್ದಾನೆ.

ಟವಲು ಎಳೆದುಕೊಂಡು ಇವನು ಬಾಲ್ಕನಿಯ ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತ. ಫೋಟೊದಲ್ಲಿ ಟವಲು ಬಂತೋ, ತಾನು ಬಂದೆನೋ, ಮೂರನೇ ನೋಟಿಸು ಇದೇ ಇರಬಹುದೋ. ಮತ್ತೆ ಮಗು ಮೆಟ್ಟಿಲಲ್ಲಿ ಕೂರಬೇಕೋ. ಶಾನ್ ಇನ್ನೊಂದು ಬದಿಗೆ ಹೋಗುವವರೆಗೆ ಅಲ್ಲಾಡಲಿಲ್ಲ. ಎಷ್ಟು ಹೊತ್ತು ಎಂದು ಅವನಿಗೇ ಗೊತ್ತಿಲ್ಲ. ಎಣ್ಣೆಯ ನೆನಪು ಪೂರಾ ಹೋಗಿತ್ತು.

ಗಾಜಿನ ಬಾಗಿಲು ಸರಿಸಿದಾಗ ಹಾಲ್‌ನಲ್ಲಿ ಹೊಗೆ. ಬಾಣಲೆಗೆ ಬೆಂಕಿ ಹತ್ತಿ ಮೇಲಿನ ಕಪಾಟಿಗೆ ತಾಗಿತ್ತು. ಪ್ಯಾಸೇಜಿನ ಅರ್ಧ ಕಾಣುತ್ತಿರಲಿಲ್ಲ. ಆದರೂ ಮನೆ ನಿಶ್ಶಬ್ದ. ಕೋಣೆಗಳ ಬಾಗಿಲು ಮುಚ್ಚಿದ್ದರಿಂದ ಯಾವ ಯಂತ್ರವೂ ಕೂಗುತ್ತಿಲ್ಲ. ತಲೆಯೆತ್ತಿದ. ಹೊಗೆಯ ನಡುವೆ ಟೋಪಿ ಬೆಳ್ಳಗೆ ಕಂಡಿತು.

ಮುಂದಿನದನ್ನು ಅವನು ನನಗೆ ಹೇಳಿದ್ದು ಒಂದು ವಾರದ ಮೇಲೆ, ನನ್ನ ಕಾರಿನಲ್ಲಿ ಕೂತು, ಅಳುತ್ತಾ. "ಆಸ್ವಾಲ್ಡ್, ನನ್ನ ತಲೆಗೆ ಮೊದ್ಲು ಬಂದದ್ದು ಮಗಳಲ್ಲ ಮಾರಾಯ. ಆ ಟೋಪಿ. ಫೈರಿನವರು ಬಂದು ಅದನ್ನು ನೋಡಿದ್ರೆ ಮನೆ ಹೋಯ್ತು ಅಂತ."

ಅವನು ಊಟದ ಮೇಜಿನ ಬಳಿಯ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ತಂದು ಪ್ಯಾಸೇಜಿನಲ್ಲಿಟ್ಟು ಹತ್ತಿದ. ಎರಡು ವರ್ಷದ ಜಿಡ್ಡಿಗೆ ಟೋಪಿ ಅಂಟಿಕೊಂಡಿತ್ತು. ಆಗ ಕೋಣೆಯ ಬಾಗಿಲು ತೆರೆಯಿತು. ಅಶ್ಮಿತಾ ಕೆಮ್ಮುತ್ತಾ "ಪಪ್ಪಾ, ವಾಟ್ಸ್ ಹ್ಯಾಪನಿಂಗ್?" ಎಂದಳು. ಅವಳಿಗೂ ಹೊರಬಾಗಿಲಿಗೂ ನಡುವೆ ಇದ್ದದ್ದು ಉರಿಯುವ ಅಡುಗೆಮನೆ ಮತ್ತು ಕುರ್ಚಿಯ ಮೇಲೆ ನಿಂತ ಅಪ್ಪ.

"ಒಂದು ನಿಮಿಷ ನಿಲ್ಲು," ಎಂದ ಗುಣಪಾಲ.

ಟೋಪಿ ಹರಿದು ಕೈಗೆ ಬಂತು, ಯಂತ್ರ ಕಿರುಚಿತು. ಆಮೇಲಷ್ಟೇ ಅವನು ಹಾರಿ ಇಳಿದು ಹೆಗಲ ಮೇಲಿದ್ದ ಟವಲನ್ನು ಮಗಳ ಮುಖಕ್ಕೆ ಒತ್ತಿ, ಅವಳನ್ನು ತಬ್ಬಿಕೊಂಡು ಓಡಿದ. ಏಳು ಮಹಡಿ ಇಳಿದರು. ಕೆಳಗೆ ನಾವೆಲ್ಲ ನೆರೆದಿದ್ದೆವು. ಅವನ ಹುಬ್ಬು ಸುಟ್ಟಿತ್ತು, ಬಲಗೈ ಮುಷ್ಟಿ ಬಿಗಿದಿತ್ತು. ಅಶ್ಮಿತಾ ಆ ಮುಷ್ಟಿಯನ್ನೇ ನೋಡುತ್ತಿದ್ದಳು. ಮೇಲೆ ಓಡಿಹೋಗಿ ಬೆಂಕಿ ನಂದಿಸಿದವನು ಯಾರೆಂದರೆ, ಇವನು ಯಾರಿಗೆ ಹೆದರಿ ಅಡಗಿ ಕೂತಿದ್ದನೋ ಅದೇ ಶಾನ್.

ಸಂಘದವರು ತನಿಖೆ ಮಾಡಿದರು. ವರದಿಯಲ್ಲಿ ಹೀಗಿತ್ತು: ಹೊಗೆಯ ಯಂತ್ರ ಸರಿಯಾಗಿ ಕೆಲಸ ಮಾಡಿದೆ, ಬಾಡಿಗೆದಾರರು ನಿಯಮದಂತೆ ಕೂಡಲೇ ಹೊರಬಂದಿದ್ದಾರೆ, ನೋಟಿಸಿಗೆ ಕಾರಣವಿಲ್ಲ. ಶಾನ್ ತೆಗೆದ ಫೋಟೊಗಳು ಹೊರಗೋಡೆಯ ಬಣ್ಣದ ಕಂಟ್ರಾಕ್ಟರಿಗೆ ಬೇಕಾಗಿದ್ದವಂತೆ. ಝುಲೈಖ ಫೋನ್ ಮಾಡಿ, ನಿಮ್ಮಂಥ ಜವಾಬ್ದಾರಿಯ ಬಾಡಿಗೆದಾರರು ಸಿಗುವುದು ಕಷ್ಟ, ಎಷ್ಟು ವರ್ಷ ಬೇಕಾದರೂ ಇರಿ ಎಂದರು.

ಅದನ್ನು ಹೇಳಿ ಗುಣಪಾಲ ಕಾರಿನಲ್ಲಿ ಬಿಕ್ಕಿದ. "ಮೊದ್ಲು ನೋಟಿಸಿಗೆ ಹೆದರ್ತಿದ್ದೆ. ಈಗ ನನಗೆ ನಂದೇ ಹೆದರಿಕೆ. ಇನ್ನೊಮ್ಮೆ ಹಾಗೆ ಆದ್ರೆ ನಾನು ಮೊದ್ಲು ಎಲ್ಲಿಗೆ ಓಡುದು?" ಎಂದ. ಟೋಪಿ ತಂದ ಕೈ ನನ್ನದು, ಇರಲಿ ಬಿಡಿ ಎಂದ ಬಾಯಿಯೂ ನನ್ನದು. ನನಗೂ ನಾಚಿಕೆಯಾಗಿತ್ತು.

ಅಡುಗೆಮನೆ ರಿಪೇರಿಯಾದ ಮೇಲೆ ಜಲಜಾಕ್ಷಿ ನನ್ನನ್ನು ಊಟಕ್ಕೆ ಕರೆದಳು. ಪ್ಯಾಸೇಜಿನ ಯಂತ್ರ ಬೋಳು ತಲೆಯಲ್ಲಿ ಕೆಂಪು ದೀಪ ಮಿಣುಕಿಸುತ್ತಿತ್ತು. ಮೇಜಿನ ಸುತ್ತ ಒಂದು ಕುರ್ಚಿ ಕಡಿಮೆ ಇತ್ತು. ಆ ಕೆಂಪು ಕುರ್ಚಿ ಎಲ್ಲಿ ಎಂದು ನಾನು ಸುಮ್ಮನೆ ಕೇಳಿದೆ. ಮಗಳು ತನ್ನ ಕೋಣೆಗೆ ಒಯ್ದಿದ್ದಾಳೆ, ಯಾಕೋ ಕೊಡುವುದಿಲ್ಲ ಎಂದಳು ಜಲಜಾಕ್ಷಿ. ಗುಣಪಾಲ ಕುರ್ಚಿ ಹತ್ತಿದ ಕಥೆ ಅವಳಿಗೆ ಗೊತ್ತಿರಲಿಲ್ಲ.

"ಅದು ನನ್ನ ಬೆಡ್ ಹತ್ರ ಉಂಟು ಅಂಕಲ್," ಎಂದಳು ಅಶ್ಮಿತಾ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. "ಪಪ್ಪನಿಗೆ ಚೇರ್ ಬೇಕಾದ್ರೆ ಫಸ್ಟ್ ನನ್ನ ರೂಮಿಗೆ ಬರ್ಬೇಕಲ್ಲ."

ಗುಣಪಾಲ ಎದ್ದು ನನಗೆ ತನ್ನ ಕುರ್ಚಿ ಕೊಟ್ಟು, ನಿಂತುಕೊಂಡೇ ಉಂಡ.