ಮಾವ ಚಿಮುಕಿಸಿದ ನೀರು

ಮೈಯಲ್ಲಿ ಮಂಡಿ ಅನ್ನುವುದೊಂದು ಇದೆ ಎಂದು ನಮ್ಮ ಮಾರಿಕುಪ್ಪಂ ಗಣಿಮನೆಗಳ ಸಾಲಿನ ಮುನಿಲಕ್ಷ್ಮಿಗೆ ನೆಲ ಉಜ್ಜುವ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತಂತೆ. ಹತ್ತಿರದ ಊರಿಗಾಂನ ಹಳೇ ಕಟ್ಟಡವೊಂದರಲ್ಲಿ ಡ್ಯಾನ್ಸ್ ಕ್ಲಾಸ್ ಶುರುವಾಗುವುದಿತ್ತು. ಗಟ್ಟಿಮುಟ್ಟಾದ ಸಿಮೆಂಟ್ ನೆಲ ಏನು ಪಾಪ ಮಾಡಿತ್ತೋ, ಅದರ ಮೇಲೆ ಪ್ಲೈವುಡ್ ಹಾಸಿದ್ದರು. ಅದನ್ನು ಉಜ್ಜಿ ವಾರ್ನಿಷ್‌ಗೆ ಸಿದ್ಧ ಮಾಡುವುದು ಇವಳ ಪಾಲಿಗೆ ಬಂದಿತ್ತು.

ಮೊದಲು ಗಾರೆ ಕೆಲಸದಲ್ಲಿ ಬಾಂಡಲಿ ಹೊತ್ತು ಹೊತ್ತು ಕತ್ತು ಸೋತಿದ್ದವಳು. ಮೇಸ್ತ್ರಿ ಸುಧಾಕರ್ ಬೆಳಿಗ್ಗೆಯೇ ಹೇಳಿದ್ದ: "ಸಂಜೆಗೆ ಈ ನೆಲ ರೆಡಿ ಆದ್ರೆ ಮುಂದಿನ ನೆಲದ ಕೆಲ್ಸ ಎಲ್ಲಾ ನಿಂದೇ. ಇಲ್ದಿದ್ರೆ ಮತ್ತೆ ಬಾಂಡ್ಲಿ ಎತ್ತು." ಹೀಗೆ ಹೇಳುವವರಿಗೆ ಮಂಡಿ ನೋಯುವುದಿಲ್ಲ.

ಸ್ಕ್ರೂ ತಲೆಗಳ ಗುಂಡಿಗೆ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದಳು. ಉಜ್ಜುವ ಮೆಷಿನ್ನಿಗೆ ಮೊದಲು ಒರಟು ಮರಳುಕಾಗದ ಹಾಕಿ ಉಜ್ಜಿದಳು, ಆಮೇಲೆ ನಯದ್ದು. ಪ್ಲೈವುಡ್ಡಿನ ಮೇಲಿನ ಪದರ ಈರುಳ್ಳಿ ಸಿಪ್ಪೆಯಷ್ಟು ತೆಳು. ಕೈ ಒಂದೇ ಕಡೆ ನಿಂತರೆ ಸವೆದು ಕೆಳಗಿನ ಕಪ್ಪು ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲೆ ಅಂಗೈ ಎಲ್ಲೂ ತಡೆಯದೆ ಜಾರಿತು, ಧೂಳು ಗುಡಿಸುವುದಷ್ಟೇ ಬಾಕಿ. ಹೊರಗೆ ಬೇವಿನ ಮರಕ್ಕೆ ಒರಗಿದವಳಿಗೆ ಹಾಗೇ ಕಣ್ಣು ಹತ್ತಿತು.

ಅಷ್ಟರಲ್ಲಿ ಊಟದ ಕ್ಯಾರಿಯರ್ ಹಿಡಿದು ಮಾವ ವೆಂಕಟಪ್ಪ ಬಂದ. ಮೈಸೂರು ಮೈನ್ಸ್ ಚಿನ್ನದ ಗಣಿಯಲ್ಲಿ ಬಂಡೆ ಕೊರೆದು ವಯಸ್ಸು ಕಳೆದ ಜೀವ. ಅಲ್ಲಿ ಕೊರೆಯುವಾಗ ನೀರು ಬಿಡದಿದ್ದರೆ ಧೂಳು ನೇರ ಎದೆಗೆ. ಹಾಗೆ ಧೂಳು ಕುಡಿದ ಜೊತೆಗಾರರು ಒಬ್ಬೊಬ್ಬರಾಗಿ ಹೋದರು, ಇವನಿಗೆ ಕೆಮ್ಮು ಉಳಿಯಿತು. ಈಗಲೂ ನೀರು ಚಿಮುಕಿಸದೆ ಯಾರಾದರೂ ಕಸ ಗುಡಿಸಿದರೆ ಮನೆ ರಣರಂಗ. ಸೊಸೆ ನಿದ್ದೆಯಲ್ಲಿದ್ದಳು, ಒಳಗೆ ನೆಲದ ತುಂಬ ಧೂಳು. ಮುದುಕ ಮೆಷಿನ್ ಜೋಪಾನವಾಗಿ ಎತ್ತಿಟ್ಟು, ಬಕೆಟ್ ತುಂಬಿಸಿಕೊಂಡು ಮೂಲೆಮೂಲೆಗೂ ನೀರು ಚಿಮುಕಿಸಿದ.

ಎದ್ದು ಬಂದ ಮುನಿಲಕ್ಷ್ಮಿ ಬಾಗಿಲಲ್ಲೇ ನಿಂತಳು. ನೀರು ಕುಡಿದ ಮರದ ನಾರು ಎದ್ದು ನೆಲವೆಲ್ಲ ಕ್ಷೌರ ಕಾಣದ ಕೆನ್ನೆಯಂತಾಗಿತ್ತು. ಅಳು ಬಂತು. ಅಳುವುದಕ್ಕೂ ತ್ರಾಣ ಬೇಕಲ್ಲ.

"ಏನ್ ಮಾಡ್ಬುಟ್ರಿ ಮಾವ?"

"ಧೂಳು ಕೂತ್ಕಳ್ಳಿ ಅಂತ ಕಣಮ್ಮ. ನಿನ್ನೆದೆಗೆ ಓಗ್ತದೆ. ನನ್ ಅಣೇಬರ ನಿಂಗ್ಯಾಕೆ?"

ಫ್ಯಾನ್ ಹಾಕಿ ಒಣಗುವ ತನಕ ಕಾದಳು. ಮತ್ತೆ ಮಂಡಿಯೂರಿ ಮೊದಲಿನಿಂದ ಉಜ್ಜತೊಡಗಿದಳು. ಧೂಳು ತಪ್ಪಿಸಲೆಂದು ಹಾಕಿದ ನೀರು ಎರಡರಷ್ಟು ಧೂಳು ಕುಡಿಸಿತು. ಅದು ಮಾವನಿಗೂ ಅರ್ಥವಾಯಿತು. ಹೆಗಲ ಟವೆಲನ್ನು ಒದ್ದೆ ಮಾಡಿ ಅವಳ ಮೂಗಿಗೆ ಕಟ್ಟಿ, ಹೊಸ್ತಿಲಲ್ಲಿ ತಲೆ ತಗ್ಗಿಸಿ ಕೂತ.

ಸಂಜೆ ಸುಧಾಕರ್ ಬಂದಾಗ ಅರ್ಧ ನೆಲ ಬಾಕಿಯಿತ್ತು.

"ಯಾಕಮ್ಮ ಆಗಿಲ್ಲ?"

"ಕರೆಂಟ್ ಓಗಿತ್ತಣ್ಣ," ಎಂದಳು. ಮಾವನತ್ತ ನೋಡಲಿಲ್ಲ.

"ಉಳಿದಿದ್ದು ಬೇರೆಯವ್ರು ಮಾಡ್ತಾರೆ. ನಾಳೆ ಗಾರೆಗೆ ಬಾ."

ಮಾರಿಕುಪ್ಪಂ ರೈಲಿನಲ್ಲಿ ಇಬ್ಬರೂ ಎದುರುಬದುರು ಕೂತರು. ಕ್ಯಾರಿಯರ್ ತೊಡೆ ಮೇಲಿಟ್ಟುಕೊಂಡು ವೆಂಕಟಪ್ಪ ಅಂದ: "ಓಗ್ಲಿ ಬುಡಮ್ಮ. ಈ ಧೂಳಾದ್ರೂ ತಪ್ತು."

ಉತ್ತರ ಹೇಳಲು ಹೋದ ಮುನಿಲಕ್ಷ್ಮಿಗೆ ಕೆಮ್ಮು ಬಂತು. ಸೆರಗು ಒತ್ತಿ ಹಿಡಿದರೂ ನಿಲ್ಲಲಿಲ್ಲ. ಮುದುಕ ಉಸಿರು ಬಿಗಿಹಿಡಿದು ಕೇಳುತ್ತಿದ್ದ. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು.