ಒಳಚಿಲಕ ಇರುವ ಕೋಣೆ

ಮೂವತ್ತರ ಹತ್ತಿರ ಬಂದವರು ಇನ್ನೂ ಅಪ್ಪ-ಅವ್ವನ ಮನೆಯಲ್ಲೇ ಏಕಿದ್ದಾರೆ ಎಂದು ನಮ್ಮ ಪತ್ರಿಕೆಗೆ ವರದಿ ಬರೆದವನು ನಾನೇ. ಬಾಡಿಗೆ, ಸಂಬಳ, ಸಂಸ್ಕೃತಿ ಎಂದೆಲ್ಲ ಕಾರಣ ಕೊಟ್ಟಿದ್ದೆ. ಬರೆದದ್ದು ವಿಜಯಪುರದ ಸೊಲ್ಲಾಪುರ ರಸ್ತೆಯ ನಮ್ಮ ಮನೆಯಲ್ಲಿ, ಜೋಳದ ಚೀಲಗಳ ನಡುವೆ ನನ್ನ ಮಂಚವಿರುವ ಕೋಣೆಯಲ್ಲಿ ಕೂತು. ಹಿತ್ತಲಿಗೆ ಹೋಗುವವರೆಲ್ಲ ಈ ಕೋಣೆಯನ್ನು ಹಾದೇ ಹೋಗಬೇಕು. ಹೀಗಾಗಿ ಅದರ ಬಾಗಿಲಿಗೆ ಒಳಚಿಲಕವಿಲ್ಲ.

ನನಗೆ ಬೇಕಾಗಿದ್ದು ಆ ಚಿಲಕ. ಗಾಂಧಿ ಚೌಕದ ಹಿಂದೆ, ಒಂದು ಮನೆಯ ಮಹಡಿಯ ಮೇಲೆ ಅಂಥ ಕೋಣೆ ಸಿಕ್ಕಿತು. ಮಾಲೀಕರದು ಒಂದೇ ಷರತ್ತು.

"ಲಗ್ನ ಆಗಿಲ್ಲ ಅಂತೀರಿ. ಹಿರಿಯರನ್ನ ಕರ್ಕೊಂಡು ಬರ್ರಿ, ನೋಡಿ ಕೀಲಿ ಕೊಡ್ತೀನಿ."

ಮನೆಯಲ್ಲಿ ಹೇಳಿದೆ. ಅವ್ವ ಅಳಲಿಲ್ಲ, ಬೈಯಲಿಲ್ಲ. "ಹೊಸಾ ಜಾಗಾ ಅಂದ ಮ್ಯಾಲ ಹಾಲು ಉಕ್ಕಿಸಬೇಕು" ಎಂದಳು.

ಭಾನುವಾರ ಗಾಂಧಿ ಚೌಕಕ್ಕೆ ಟಂಟಂ ಆಟೋ ಬಂತು. ಅದರಿಂದ ಅಪ್ಪ, ಅವ್ವ, ಹಾಲಿನ ಪಾತೇಲಿ, ತಿಕೋಟಾದ ಕಾಕಾ, ಅವನ ತೋಟದ ದ್ರಾಕ್ಷಿ, ಬಬಲೇಶ್ವರದ ಅತ್ತಿ, ಅತ್ತಿಯ ಸೊಸೆ, ಸೊಸೆಯ ಕೂಸು ಇಳಿದರು. ಕೋಣೆ ಸಾಲಲಿಲ್ಲ. ಕಾಕಾ ಮೆಟ್ಟಿಲ ಮೇಲೆ ಕೂತು ಮಾಲೀಕರಿಗೆ ದ್ರಾಕ್ಷಿ ತಿನ್ನಿಸತೊಡಗಿದ.

ಅತ್ತಿ ಚಿಲಕವನ್ನು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. "ಯಪ್ಪಾ, ಇದನ್ನ ಹಾಕ್ಕೊಂಡು ಒಳಗ ಏನ್ ಮಾಡಾಂವ ಲೇ ನೀ?"

"ಮಲಗಾಂವ."

"ಮನ್ಯಾಗ ಎಚ್ಚರ ಇರ್ತೀಯೇನು?"

ಮಾಲೀಕರು ದ್ರಾಕ್ಷಿ ಜಗಿಯುತ್ತ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿದರು. "ಕಾಕಾ ಅದಾರ, ಅತ್ತಿ ಅದಾರ, ಅವ್ವಾರು ಹಾಲು ತಂದಾರ. ಮನಿ ಇದ ಊರಾಗ ಐತಿ, ಜಗಳಾನೂ ಇಲ್ಲ ಅಂತೀರಿ. ಇಷ್ಟು ಛಲೋ ಮಂದೀನ ಬಿಟ್ಟು ಬರಾಕತ್ತಾನಂದ್ರ ಹುಡುಗನ್ದ ಏನರ ಐಬು ಐತ್ರಿ."

ಅಪ್ಪ ನನ್ನ ಪರವಾಗಿ ಒಂದು ಮಾತು ಆಡಬಹುದಿತ್ತು.

"ನಮಗೂ ಅದ ಸಂಶಯ ಐತ್ರಿ" ಎಂದ.

ಕೀಲಿ ಮಾಲೀಕರ ಕಿಸೆಯಲ್ಲೇ ಉಳಿಯಿತು. ಹಾಲು ಟಂಟಂನಲ್ಲಿ ತುಳುಕುತ್ತ ವಾಪಸ್ ಬಂದು ಚಹಾ ಆಯಿತು. ಊಟ ಮುಗಿಸಿದ ಕಾಕಾ ನನ್ನ ಮಂಚದ ಮೇಲೆ ಅಡ್ಡಾಗಿ ಗೊರಕೆ ಹೊಡೆದ. ನಾನು ಚೀಲಗಳ ಪಕ್ಕ ಚಾಪೆ ಹಾಸಿ ಕಣ್ಣು ಮುಚ್ಚಿದೆ.

ಹಿತ್ತಲಿಗೆ ಹೊರಟಿದ್ದ ಅತ್ತಿ ನನ್ನ ತಲೆಯ ಹತ್ತಿರ ನಿಂತಳು.

"ಮಲಗೀಯೇನೋ?" ಎಂದು ಎಬ್ಬಿಸಿ ಕೇಳಿದಳು.